ಅಲ್ಲಾಡಿಸುವ ಟಾರ್ಚೋ, ಒತ್ತುವ ಟಾರ್ಚೋ? ಪಂಪ್‌ಸೆಟ್ ಮನೆಯಲ್ಲಿ ಇಟ್ಟು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಒತ್ತುವ ಟಾರ್ಚ್‌ಗೆ. ಮುಷ್ಟಿಯಲ್ಲಿ ಹಿಡಿದು ಅಮುಕುತ್ತಾ ಹೋದರೆ ಗುರ್ ಗುರ್ ಅಂತ ಸದ್ದು ಮಾಡುತ್ತಾ ಬೆಳಕು ಕೊಡುತ್ತದಲ್ಲ, ಅದೇ. ಸೆಲ್ ಬೇಡ, ಚಾರ್ಜರ್ ಬೇಡ. ಆದರೆ ಇದನ್ನು ನಾನು ಮೊದಲು ಕೊಂಡಿದ್ದಲ್ಲ. ಮೊದಲು ಕೊಂಡಿದ್ದು ಅಲ್ಲಾಡಿಸುವ ಟಾರ್ಚ್. ಅದರಲ್ಲಿ ಮೋಸ ಹೋದೆ. ಆಮೇಲೆ ಅಂಥದ್ದನ್ನೇ ಕೈಯಾರೆ ಮಾಡಿ ನೋಡಿದೆ. ಕೊನೆಗೆ ಒತ್ತುವುದಕ್ಕೆ ಬಂದು ನಿಂತೆ. ನನ್ನ ಹಾಗೆ ರಾತ್ರಿ ಗದ್ದೆಗೆ ಹೋಗುವವರು ಇನ್ನೂ ಇದ್ದೀರಿ. ನಿಮ್ಮ ದುಡ್ಡು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಪಕ್ಕದ ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಬರುತ್ತದೆ. ನಾಲೆ ನಿಂತಾಗ ಬೋರ್‌ವೆಲ್ಲೇ ಗತಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಕೊಡುತ್ತಾರೆ. ಎದ್ದು ಹೋಗಿ ಸ್ಟಾರ್ಟರ್ ಒತ್ತಬೇಕು, ನೀರು ಯಾವ ಮಡಿಗೆ ಹೋಗುತ್ತಿದೆ ನೋಡಬೇಕು, ಬದು ಒಡೆದಿದ್ದರೆ ಕಟ್ಟಬೇಕು. ಎರಡೂ ಕಡೆ ಆಳೆತ್ತರದ ಕಬ್ಬು. ರಾತ್ರಿ ಹೊತ್ತು ಹೆಸರು ಹೇಳಬಾರದು ಅಂತ ನಮ್ಮ ಕಡೆ ಹಾವಿಗೆ ‘ಹುಳ’ ಅನ್ನುತ್ತಾರೆ. ಕೊಳಕುಮಂಡಲ ಬದುವಿನ ಮೇಲೆ ಸುಮ್ನೆ ಸುತ್ತಿಕೊಂಡು ಮಲಗಿದ್ದರೆ ಒಣಗಿದ ಸೋಗೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಬೆಳಕು ಅನ್ನುವುದು ನಮಗೆ ಅನುಕೂಲದ ಮಾತಲ್ಲ, ಪ್ರಾಣದ ಮಾತು.

ಮನೆಯಲ್ಲಿ ಚಾರ್ಜ್ ಮಾಡುವ ಒಳ್ಳೆಯ ಟಾರ್ಚ್ ಇದೆ. ಅದರ ಬೆಳಕಿಗೆ ಈ ಯಾವ ಟಾರ್ಚೂ ಸಮ ಅಲ್ಲ. ನನಗೆ ಬೇಕಾಗಿದ್ದು ಬೇರೆ: ಪಂಪ್‌ಸೆಟ್ ಮನೆಯ ಗೋಡೆಯ ಮೊಳೆಗೆ ನೇತುಹಾಕಿ ಆರು ತಿಂಗಳು ಮರೆತರೂ, ಬೇಕಾದ ರಾತ್ರಿ ಕೈಕೊಡದ ಟಾರ್ಚ್. ಸೆಲ್ ಹಾಕುವುದನ್ನು ಇಟ್ಟು ನೋಡಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಸೆಲ್ ಸೋರಿ ಒಳಗಿನ ಸ್ಪ್ರಿಂಗು ತುಕ್ಕು ಹಿಡಿದಿತ್ತು. ಚಾರ್ಜ್ ಮಾಡುವುದನ್ನು ಇಟ್ಟು ನೋಡಿದೆ. ಪೂರ್ತಿ ಖಾಲಿಯಾಗಿ ಹಾಗೇ ಬಿದ್ದಿದ್ದರಿಂದ ಒಳಗಿನ ಲಿಥಿಯಂ ಬ್ಯಾಟರಿ ಸತ್ತೇ ಹೋಯಿತು, ಮತ್ತೆ ಚಾರ್ಜ್ ಹಿಡಿಯಲಿಲ್ಲ. ಆಗ ಹುಟ್ಟಿದ ಯೋಚನೆ ಇದು. ಕೈಯಿಂದ ಹಿಂದೆ ಮುಂದೆ ಆಡಿಸಿ, ಅಲ್ಲೇ ಕರೆಂಟು ಮಾಡಿಕೊಳ್ಳುವುದು.

ಅಲ್ಲಾಡಿಸುವ ಟಾರ್ಚ್ ನೋಡಲು ಬಹಳ ಚೆಂದ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ನಡುವೆ ತಾಮ್ರದ ತಂತಿ ಸುತ್ತಿದ ಕಾಯಿಲ್, ಒಳಗೆ ಅತ್ತಿತ್ತ ಜಾರುವ ಮ್ಯಾಗ್ನೆಟ್. ಗಿಯರ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. 1831ರ ಅಕ್ಟೋಬರ್ 17ರಂದು ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ತಂತಿ ಸುತ್ತಿದ ಟೊಳ್ಳು ಕೊಳವೆಯೊಳಗೆ ಮ್ಯಾಗ್ನೆಟ್ ತೂರಿಸಿ ತೆಗೆದು ನೋಡಿದ್ದು ಇದನ್ನೇ. ಸವೆಯಲು ಏನೂ ಇಲ್ಲ, ಅಂದ ಮೇಲೆ ಜೀವಮಾನ ಬಾಳಿಕೆ ಬರುತ್ತದೆ ಅಂದುಕೊಂಡು ಮೈಸೂರಿಗೆ ಹೋದಾಗ ಒಂದು ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ತಂದೆ.

ತಂದ ಎರಡು ತಿಂಗಳು ಝಗಝಗ ಉರಿಯಿತು. ಅಲ್ಲಾಡಿಸದಿದ್ದರೂ ಉರಿಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಮೂರನೇ ತಿಂಗಳು ಮಂಕಾಯಿತು, ಆಮೇಲೆ ಎಷ್ಟು ಅಲ್ಲಾಡಿಸಿದರೂ ಹೊತ್ತಲಿಲ್ಲ. ಬಿಚ್ಚಿದೆ. ಬಲ್ಬಿನ ಹಿಂದೆ ಎರಡು ಬಟನ್ ಸೆಲ್ ಕೂತಿದ್ದವು. ಕಾಯಿಲ್‌ನ ತಂತಿಯ ಎರಡು ತುದಿಯೂ ಎಲ್ಲಿಗೂ ಸೇರಿರಲಿಲ್ಲ, ಗಮ್ ಟೇಪಿನ ಕೆಳಗೆ ಸುಮ್ನೆ ಮಡಚಿಟ್ಟಿದ್ದರು. ‘ಮ್ಯಾಗ್ನೆಟ್’ ಅನ್ನುವ ತುಂಡಿನ ಹತ್ತಿರ ಗುಂಡುಪಿನ್ನು ಹಿಡಿದೆ. ಅಂಟಲಿಲ್ಲ. ಬರೀ ಕಬ್ಬಿಣದ ತುಂಡು ಅದು. ಕೊಳವೆಯೊಳಗೆ ಟಕ್ ಟಕ್ ಅಂತ ಸದ್ದು ಮಾಡುವುದಷ್ಟೇ ಅದರ ಕೆಲಸ. 180 ರೂಪಾಯಿ ದೊಡ್ಡದಲ್ಲ. ಆದರೆ ಕತ್ತಲಲ್ಲಿ ಬದುವಿನ ನಡುವೆ ನಿಂತಾಗ ಆರಿಹೋಗುವ ವಸ್ತುವನ್ನು ಹೀಗೆ ಮಾಡಿ ಮಾರುತ್ತಾರಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಕೊಳ್ಳುವವರು ಒಂದು ಪಿನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಕೊಳವೆಯ ಹೊರಗಿನಿಂದಲೇ ಪಿನ್ನು ಎಳೆಯಬೇಕು. ಎಳೆಯದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಮೋಸ ಅಂಗಡಿಯದ್ದು, ವಿದ್ಯೆಯದ್ದಲ್ಲ ಅಲ್ವಾ. ಅದಕ್ಕೇ ನಾನೇ ಒಂದು ಮಾಡಿದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ತುಂಡು ಮನೆಯಲ್ಲಿತ್ತು. ನಿಯೋಡಿಮಿಯಂ ಮ್ಯಾಗ್ನೆಟ್ ಆನ್‌ಲೈನಲ್ಲಿ ತರಿಸಿದೆ. ಸಣ್ಣ ತಂತಿಗೆ ಮಂಡ್ಯದ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ನಮ್ಮ ಪಂಪಿನ ಮೋಟಾರು ಸುಟ್ಟಾಗಲೆಲ್ಲ ಹೋಗುವ ಅಂಗಡಿಯೇ. “ಇಷ್ಟು ಸಣ್ದು ಯಾವ ಮೋಟ್ರಿಗಣ್ಣ?” ಅಂತ ಕೇಳಿದರು. ಹೇಳಿದೆ. ಒಂದು ಹಿಡಿ ತಂತಿ ತೂಗಿ, ಸುತ್ತುವ ಮೆಷಿನ್ನಿನ ಮೇಲೆ ಅವರೇ ಸಾವಿರ ಸುತ್ತು ಸುತ್ತಿಕೊಟ್ಟರು.

ಮೊದಲ ಸಲ ಬೆಳಕೇ ಬರಲಿಲ್ಲ. ಪೈಪಿನ ಉದ್ದಕ್ಕೂ ಹರಡಿ ಸುತ್ತಿಸಿದ್ದೆ, ತಪ್ಪು ಅಲ್ಲೇ ಇತ್ತು. ಮ್ಯಾಗ್ನೆಟ್ ಪೂರ್ತಿ ಕಾಯಿಲ್ ಒಳಗೇ ಓಡಾಡಿದರೆ ಅದರ ಒಂದು ತುದಿ ಹುಟ್ಟಿಸುವ ಕರೆಂಟನ್ನು ಇನ್ನೊಂದು ತುದಿ ಹೊಡೆದುಹಾಕುತ್ತದೆ. ಕಾಯಿಲ್ ಅಗಲ ಹೆಚ್ಚು ಕಮ್ಮಿ ಮ್ಯಾಗ್ನೆಟ್ ಉದ್ದದಷ್ಟೇ ಇರಬೇಕು, ಮ್ಯಾಗ್ನೆಟ್ ಅದರೊಳಗೆ ಬಂದು ಪೂರ್ತಿ ಆಚೆ ಹೋಗಬೇಕು. ಹಾಗೆ ಸುತ್ತಿಸಿದ ಮೇಲೆ ಎಲ್‌ಇಡಿ ಮಿನುಗಿತು. ಆ ಮೊದಲ ಮಿಂಚು ನೋಡಿದಾಗ ಆದ ಖುಷಿ ಹೇಳತೀರದು.

ಆದರೆ ಕೆಲಸಕ್ಕೆ ಬರುವಷ್ಟು ಬೆಳಕು ಬೇಕಲ್ಲ. ಇಲ್ಲಿ ಲೆಕ್ಕ ಕೈ ಹಿಡಿಯಲಿಲ್ಲ. ನನ್ನ ಮ್ಯಾಗ್ನೆಟ್ 20 ಗ್ರಾಂ. ಕೈಯಿಂದ ಅಲ್ಲಾಡಿಸಿದರೆ ಅದು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಜಾರುತ್ತದೆ. ಆಗ ಅದರಲ್ಲಿರುವ ಶಕ್ತಿಯೇ 0.01 ಜೂಲ್ (ಜೂಲ್ ಅಂದರೆ ಶಕ್ತಿಯ ಅಳತೆ). ಅಷ್ಟನ್ನೂ ಹಿಂಡಿ ತೆಗೆದರೂ ಒಂದು ಜಾರಿಗೆ ಸಿಗುವುದು ಅಷ್ಟೇ. ಮೇಲಾಗಿ ಕರೆಂಟು ಅತ್ತಿತ್ತ ಹರಿಯುವುದರಿಂದ ಅದನ್ನು ಒಂದೇ ಕಡೆಗೆ ತಿರುಗಿಸಲು ನಾಲ್ಕು ಡಯೋಡ್ ಹಾಕಬೇಕು. ಒಂದೊಂದು ಸಲಕ್ಕೆ ಎರಡು ಡಯೋಡ್ ದಾಟಬೇಕು, ಮಾಮೂಲಿ ಸಿಲಿಕಾನ್ ಡಯೋಡಾದರೆ 1.4 ವೋಲ್ಟ್ ಅಲ್ಲೇ ಹೋಯಿತು. ಎರಡು ನಿಮಿಷದ ಬೆಳಕಿಗೆ ಮೂರು ನಿಮಿಷಕ್ಕೂ ಜಾಸ್ತಿ ಅಲ್ಲಾಡಿಸಿದ್ದೇನೆ. ತೋಳು ಬಿದ್ದುಹೋಗುತ್ತದೆ. ಅಲ್ಲಾಡಿಸುವಾಗ ಬೆಳಕು ಎತ್ತೆತ್ತಲೋ ಹಾರುತ್ತದೆ, ಕಾಲ ಕೆಳಗೆ ಏನಿದೆ ಅಂತ ಕಾಣುವುದಿಲ್ಲ.

ಒತ್ತುವ ಟಾರ್ಚ್‌ಗೆ 250 ರೂಪಾಯಿ. ಕೊಂಡ ದಿನವೇ ಬಿಚ್ಚಿದೆ, ಒಂದು ಸಲ ಮೋಸ ಹೋಗಿದ್ದೆನಲ್ಲ. ನಾಲ್ಕು ಸ್ಕ್ರೂ. ಒಳಗೆ ಸೆಲ್ ಇರಲಿಲ್ಲ. ಹಿಡಿಯ ತುದಿಗೆ ಕತ್ತಿಯ ಹಾಗೆ ಬಾಗಿದ ಹಲ್ಲಿನ ಪಟ್ಟಿ. ಅದು ಹತ್ತು ಹಲ್ಲಿನ ಪುಟ್ಟ ಗಿಯರನ್ನು ತಿರುಗಿಸುತ್ತದೆ. ಅದರ ಜೊತೆ ಅದೇ ಕಡ್ಡಿಯ ಮೇಲೆ ದೊಡ್ಡ ಗಿಯರು, ಅದು ಇನ್ನೊಂದು ಪುಟ್ಟದನ್ನು ತಿರುಗಿಸುತ್ತದೆ, ಅಲ್ಲಿಂದ ಮತ್ತೆ ದೊಡ್ಡದು. ಕೊನೆಗೆ ಭಾರದ ಒಂದು ಗಾಲಿ, ಅದಕ್ಕೆ ಅಂಟಿದ ಉಂಗುರದಂಥ ಮ್ಯಾಗ್ನೆಟ್, ಪಕ್ಕದಲ್ಲಿ ಅಲುಗಾಡದ ಕಾಯಿಲ್. ಕೂತು ಹಲ್ಲು ಎಣಿಸಿದೆ. ಹಿಡಿಯನ್ನು ಒಂದು ಸಲ ಅಮುಕಿದರೆ ಗಾಲಿ ಹದಿನಾರು ಸುತ್ತು. ನಿಮಿಷಕ್ಕೆ 90 ಸಲ ಅಮುಕಿದರೆ 1440 ಸುತ್ತು. ನಮ್ಮ ಪಂಪಿನ ಮೋಟಾರಿನ ಪ್ಲೇಟಿನ ಮೇಲೂ ಅದೇ 1440 ಅಂತ ಬರೆದಿದೆ. ಅಂಗೈಯಲ್ಲಿ ಹಿಡಿದ ಒಂದು ಪುಟ್ಟ ಗಾಲಿ ಮುಷ್ಟಿಯ ಬಲದಿಂದಲೇ ಆ ವೇಗ ಮುಟ್ಟುತ್ತದೆ ಅಂದರೆ ನೋಡಿ.

ನನಗೆ ಇಲ್ಲಿ ಅರ್ಥವಾದ ವಿಷಯ ಇದು. ಕರೆಂಟು ಹುಟ್ಟುವುದು ವೇಗದಿಂದ. ಕೈಗೆ ವೇಗ ಇಲ್ಲ, ಬಲ ಇದೆ. ಅಲ್ಲಾಡಿಸುವ ಟಾರ್ಚ್ ಕೈಯ ವೇಗವನ್ನು ಕೇಳುತ್ತದೆ. ಒತ್ತುವ ಟಾರ್ಚ್ ಕೈಯ ಬಲವನ್ನು ತೆಗೆದುಕೊಂಡು ವೇಗವನ್ನು ತಾನೇ ಮಾಡಿಕೊಳ್ಳುತ್ತದೆ. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದೆ: ಮೂರು ಕೆ.ಜಿ. ಒತ್ತಡ, ಮೂರು ಸೆಂಟಿಮೀಟರ್ ದೂರ. ಅಂದರೆ ಒಂದು ಅಮುಕಿಗೆ ಕೈ ಹಾಕುವುದು ಸುಮಾರು 0.9 ಜೂಲ್. ಮ್ಯಾಗ್ನೆಟ್ ಜಾರಿನ 0.01ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಗಿಯರಿನ ತಿಕ್ಕಾಟಕ್ಕೆ, ವಾಪಸು ತಳ್ಳುವ ಸ್ಪ್ರಿಂಗಿಗೆ, ಡಯೋಡಿಗೆ ಮೂರರಲ್ಲಿ ಎರಡು ಪಾಲು ಹೋದರೂ ಉಳಿದದ್ದೇ ಸಾಕಷ್ಟು.

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿಗೆ. ಅಲ್ಲೂ ನೆಟ್ಟಗೆ ಬೀಳುವ ಕಾವೇರಿ ನೀರನ್ನು ಮೊದಲು ಚಕ್ರದ ಸುತ್ತಾಗಿ ಮಾಡಿಕೊಂಡ ಮೇಲೇ ಕರೆಂಟು. ಶಾಲೆಯಲ್ಲಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಗಿಯರು ಬಿಚ್ಚಿ ಹರಡಿಕೊಂಡು ಕೂತಾಗ ಆ ಮೆಷಿನ್ ಮನೆಯ ಗುಂಯ್‌ಗುಡುವ ಸದ್ದು ನೆನಪಾಯಿತು.

ಸದ್ದಿನ ಮಾತು ಬಂತು. ಒತ್ತುವ ಟಾರ್ಚ್ ಸದ್ದು ಮಾಡುತ್ತದೆ, ನಿಜ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾಲೆಂಡಿನಲ್ಲಿ ಫಿಲಿಪ್ಸ್ ಇಂಥ ಟಾರ್ಚ್ ಮಾಡುತ್ತಿತ್ತು. ಜನ ಅದಕ್ಕೆ ಇಟ್ಟ ಹೆಸರು ‘ಕ್ನೈಪ್‌ಕಾಟ್’, ಹಿಂಡುವ ಬೆಕ್ಕು ಅಂತ. ನಮ್ಮ ಅವ್ವ ಮೊದಲ ಸಲ ಕೇಳಿದಾಗ “ಇದ್ಯಾತರ ಬ್ಯಾಟ್ರಿಲಾ ಮಗ, ಕಪ್ಪೆ ವಟಗುಟ್ದಂಗೆ ವಟಗುಟ್ತದೆ” ಅಂದಿತು. ನನಗೆ ಆ ಸದ್ದಿನಿಂದ ತೊಂದರೆ ಇಲ್ಲ. ಬದುವಿನ ಮೇಲೆ ನಡೆಯುವಾಗ ಸದ್ದು ಇದ್ದರೆ ನನಗೇ ಧೈರ್ಯ.

ಈಗ ತೊಂದರೆಯ ವಿಷಯ. ಇದೊಂದನ್ನು ವಿವರವಾಗಿ ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನ ಇದಾದ ಮೇಲೆ ಟಾರ್ಚ್ ಕೆಟ್ಟಿತು ಅಂತ ಎಸೆದುಬಿಡುತ್ತಾರೆ. ಕೊಂಡು ಮೂರು ವಾರವಾಗಿತ್ತು. ಡಿಸೆಂಬರ್, ಬೆಳಗಿನ ಜಾವ ನಾಲ್ಕು ಗಂಟೆ, ಚಳಿ. ಹಿಡಿ ಅಮುಕಿದೆ. ಅದು ಬೆಣ್ಣೆಯೊಳಗೆ ಹೋದ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಗಾಲಿ ತಿರುಗಲಿಲ್ಲ. ಮತ್ತೆ ಅಮುಕಿದೆ, ಹಾಗೇ. ನಾಲ್ಕು ಸಲ ಅಮುಕಿದರೆ ಒಂದು ಸಲ ಕಚ್ಚಿಕೊಂಡು ಗುರ್ ಅನ್ನುತ್ತಿತ್ತು. ಆ ದಿನ ಮೊಬೈಲ್ ಬೆಳಕಿನಲ್ಲೇ ನೀರು ಕಟ್ಟಿದೆ.

ಬಿಸಿಲು ಬಂದ ಮೇಲೆ ನೋಡಿದರೆ ಸರಿಯಾಗಿ ಓಡುತ್ತಿದೆ! ಸಂಜೆಯೂ ಸರಿ. ಮಾರನೇ ದಿನ ಬೆಳಗಿನ ಜಾವ ಮತ್ತೆ ಅದೇ ಕಥೆ. ಹಲ್ಲು ಸವೆದಿದ್ದರೆ ಹಗಲೂ ಜಾರಬೇಕಿತ್ತಲ್ವಾ? ಚಳಿಗೂ ಇದಕ್ಕೂ ಏನೋ ಇದೆ ಅನ್ನಿಸಿತು.

ಇದಕ್ಕೆ ಒಳಗಿನ ಒಂದು ಸಣ್ಣ ಭಾಗ ಅರ್ಥವಾಗಬೇಕು. ಸೈಕಲ್ಲಿನ ಫ್ರೀವೀಲ್ ನೋಡಿದ್ದೀರಲ್ಲ. ಪೆಡಲ್ ಮುಂದಕ್ಕೆ ತುಳಿದರೆ ಚಕ್ರ ಹಿಡಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಅಂತ ಬಿಟ್ಟುಕೊಡುತ್ತದೆ. ಒಳಗೆ ಪುಟ್ಟ ನಾಲಿಗೆಯಂಥ ತುಂಡು ಇರುತ್ತದೆ, ಅದನ್ನು ಸಣ್ಣ ಸ್ಪ್ರಿಂಗು ಎತ್ತಿ ಹಿಡಿದಿರುತ್ತದೆ. ಒತ್ತುವ ಟಾರ್ಚ್‌ನಲ್ಲೂ ಮೊದಲ ಪುಟ್ಟ ಗಿಯರಿಗೂ ಅದರ ಜೊತೆಯ ದೊಡ್ಡ ಗಿಯರಿಗೂ ನಡುವೆ ಅಂಥದ್ದೇ ನಾಲಿಗೆ ಇದೆ. ಹಿಡಿ ಒಳಕ್ಕೆ ಹೋಗುವಾಗ ಅದು ಕಚ್ಚಿ ಗಾಲಿಯನ್ನು ದೂಡುತ್ತದೆ. ಸ್ಪ್ರಿಂಗು ಹಿಡಿಯನ್ನು ವಾಪಸು ತಳ್ಳುವಾಗ ಬಿಟ್ಟುಕೊಡುತ್ತದೆ, ಗಾಲಿ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಹಿಂದೆ ಮುಂದೆ ಆಡುವ ಕೈ ಒಂದೇ ಕಡೆ ತಿರುಗುವ ಗಾಲಿಯಾಗುವುದು ಈ ಅಕ್ಕಿಕಾಳಿನಷ್ಟು ದೊಡ್ಡ ತುಂಡಿನಿಂದ. ಇಡೀ ಟಾರ್ಚ್‌ನ ಪ್ರಾಣ ಅದು.

ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ನಾಲಿಗೆ ಮುರಿದಿರಲಿಲ್ಲ, ಸವೆದೂ ಇರಲಿಲ್ಲ. ಅದರ ಸುತ್ತ ದಪ್ಪ ಗ್ರೀಸ್ ಮೆತ್ತಿತ್ತು, ಹರಳೆಣ್ಣೆ ಗಟ್ಟಿಯಾದ ಹಾಗೆ ಹಳದಿ. ಪಂಪ್‌ಸೆಟ್ ಮನೆಯ ಮೂಲೆಯಲ್ಲೇ ಬೂಸಾ ಮೂಟೆ ಇಡುತ್ತೇವೆ, ಅದರ ದೂಳೂ ಸೇರಿ ಅಂಟಾಗಿತ್ತು. ಚಳಿಗೆ ಆ ಅಂಟು ಬಿಗಿಯುತ್ತದೆ. ಕೂದಲಿನಷ್ಟು ಸಣ್ಣ ಸ್ಪ್ರಿಂಗಿಗೆ ನಾಲಿಗೆಯನ್ನು ಎತ್ತುವ ಬಲ ಸಾಲುವುದಿಲ್ಲ. ನಾಲಿಗೆ ಮಲಗಿಬಿಟ್ಟರೆ ಗಿಯರು ಕಚ್ಚುವುದಿಲ್ಲ. ಬಿಸಿಲಿಗೆ ಅಂಟು ಕರಗಿದರೆ ಮತ್ತೆ ಎದ್ದು ನಿಲ್ಲುತ್ತದೆ. ಸರಿಹೋಯಿತಲ್ಲ ಕಾರಣ!

ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಆ ಗ್ರೀಸನ್ನು ಪೂರ್ತಿ ತೊಳೆದೆ. ಹತ್ತಿ ಬಟ್ಟೆಯಲ್ಲಿ ಒರೆಸಿ, ಅರ್ಧ ದಿನ ಆರಲು ಬಿಟ್ಟೆ. ನಾಲಿಗೆಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಒಂದು ತೊಟ್ಟು, ಸೂಜಿಯ ತುದಿಯಿಂದ. ಗಿಯರಿನ ಹಲ್ಲಿಗೆ ಮಾತ್ರ ತೆಳ್ಳಗೆ ಹೊಸ ಗ್ರೀಸ್. ಮುಚ್ಚಿದ ಮೇಲೆ ಸಂದಿಯ ಸುತ್ತ ಇನ್ಸುಲೇಷನ್ ಟೇಪು ಸುತ್ತಿದೆ, ದೂಳು ಹೋಗದ ಹಾಗೆ. ಆಮೇಲೆ ಎರಡು ಚಳಿಗಾಲ ಕಳೆದಿದೆ, ಒಂದು ದಿನವೂ ಜಾರಿಲ್ಲ. ಇಷ್ಟು ಸಣ್ಣ ವಿಷಯ, ಮಾಡುವವರೇ ಮೊದಲ ದಿನ ತೆಳು ಎಣ್ಣೆ ಹಾಕಿ ಕಳಿಸಬಹುದು. ಈ ಮಾತು ಅವರಿಗೆ ಮುಟ್ಟಲಿ ಅನ್ನುವುದು ನನ್ನ ನಿಜವಾದ ಆಸೆ.

ಇನ್ನೊಂದು ಕೊರತೆ: ಅಮುಕುವುದು ನಿಲ್ಲಿಸಿದರೆ ಗಾಲಿ ಒಂದೆರಡು ಸೆಕೆಂಡು ತಿರುಗಿ ಬೆಳಕು ಆರುತ್ತದೆ. ಅದಕ್ಕೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಸೇರಿಸಿದೆ, 5.5 ವೋಲ್ಟಿನದು, 1 ಫ್ಯಾರಡ್. ಆ ಅಳತೆಯ ಹೆಸರೂ ಅದೇ ಫ್ಯಾರಡೆಯದ್ದು. ಡಯೋಡ್ ಮಾತ್ರ ಕಮ್ಮಿ ವೋಲ್ಟ್ ನುಂಗುವ ಶಾಟ್ಕಿ ಜಾತಿಯದ್ದು. ಒಮ್ಮೆ ತುಂಬಿಕೊಂಡ ಮೇಲೆ ಮೂವತ್ತು ಅಮುಕಿಗೆ ಮೂರು ವೋಲ್ಟಿನಿಂದ ಐದಕ್ಕೆ ಏರುತ್ತದೆ. ಒಂದು ಸಣ್ಣ ಎಲ್‌ಇಡಿಗೆ ಅದು ಎರಡು ನಿಮಿಷದ ಮಾತು. ಕೊನೆಕೊನೆಗೆ ಮಂಕಾಗುತ್ತದೆ, ಆದರೆ ಸ್ಟಾರ್ಟರ್ ಡಬ್ಬಿ ತೆಗೆದು ಫ್ಯೂಸ್ ನೋಡಿ ಮುಚ್ಚುವಷ್ಟು ಸಮಯ ಸಿಗುತ್ತದೆ. ಅದೂ ಎರಡು ಕೈ ಖಾಲಿ ಇಟ್ಟುಕೊಂಡು. ಖರ್ಚು 90 ರೂಪಾಯಿ. ಬ್ಯಾಟರಿಯ ಹಾಗೆ ಖಾಲಿ ಬಿದ್ದಿದ್ದರೆ ಕೆಡುತ್ತದೆ ಅನ್ನುವ ಭಯ ಇದಕ್ಕಿಲ್ಲ.

ಒತ್ತಿದರೆ ಕರೆಂಟು ಹುಟ್ಟಿಸುವ ಪೀಜೋ ಬಿಲ್ಲೆಯನ್ನೂ ಬಿಡಲಿಲ್ಲ. ಗ್ಯಾಸ್ ಲೈಟರ್ ಟಕ್ ಅಂದಾಗ ಕಿಡಿ ಬರುತ್ತದಲ್ಲ, ಅದೇ ವಿದ್ಯೆ. 1880ರಲ್ಲಿ ಕ್ಯೂರಿ ಅಣ್ಣತಮ್ಮಂದಿರು ಕಂಡುಹಿಡಿದದ್ದು. ಲೈಟರಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ ಅಂತ ಕೇಳಿ ಆಸೆಪಟ್ಟೆ. ವೋಲ್ಟ್ ಇದೆ, ಕರೆಂಟ್ ಇಲ್ಲ. ನಾನು ತಂದ 27 ಮಿಲಿಮೀಟರ್ ಬಿಲ್ಲೆಯನ್ನು ಬೆರಳಿನಿಂದ ಒತ್ತಿದರೆ ಸಿಗುವುದು ಒಂದು ಜೂಲ್‌ನ ಹತ್ತು ಲಕ್ಷದಲ್ಲಿ ನಾಲ್ಕು ಪಾಲು. ಒಂದು ಎಲ್‌ಇಡಿ ಒಂದು ಸೆಕೆಂಡು ಸರಿಯಾಗಿ ಉರಿಯಲು ಹದಿನೈದು ಸಾವಿರ ಸಲ ಒತ್ತಬೇಕು. ಬೆಳಕಿಗೆ ಇದು ಬೇಡ.

ಬಲದ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ ಬಂದಿದ್ದು ಅವ್ವನ ಹಳೇ, ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್. ಅದರ ದೊಡ್ಡ ಚಕ್ರಕ್ಕೆ ಸೈಕಲ್ ಡೈನಮೋ ತಾಗಿಸಿ ಕಟ್ಟಿದೆ. 6 ವೋಲ್ಟ್, 3 ವಾಟ್ ಅಂತ ಅದರ ಮೇಲೇ ಇರುತ್ತದೆ. ಪಾದದ ಏರಿಳಿತ ಉದ್ದನೆಯ ಕಡ್ಡಿಯ ಮೂಲಕ ಚಕ್ರದ ಸುತ್ತಾಗುತ್ತದೆ, ತುದಿಯಲ್ಲಿ ನಿಲ್ಲದ ಹಾಗೆ ಚಕ್ರದ ಭಾರವೇ ದಾಟಿಸುತ್ತದೆ. ಕರೆಂಟು ಹೋದ ಸಂಜೆ ಇಡೀ ನಡುಮನೆಗೆ ಬೆಳಕು. ಅವ್ವ ರವಿಕೆ ಹೊಲಿಯುತ್ತಾ ಮಗಳಿಗೆ ಓದಲು ಬೆಳಕು ಕೊಟ್ಟಿತು. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುವುದು. ಗದ್ದೆಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಅಷ್ಟೇ.

ಹಗ್ಗ ಎಳೆಯುವ ಜಾತಿಯ ಟಾರ್ಚೂ ಸಿಗುತ್ತದೆ, ಪವರ್ ಟಿಲ್ಲರ್ ಸ್ಟಾರ್ಟ್ ಮಾಡುವ ಹಾಗೆ. ಅದಕ್ಕೆ ಎರಡು ಕೈ ಬೇಕು. ನೋಡಿ ಬಿಟ್ಟೆ.

ನನ್ನ ಆಯ್ಕೆ ನನ್ನ ಅಭ್ಯಾಸದ ಮೇಲೆ ನಿಂತಿದೆ. ಬಲಗೈಯಲ್ಲಿ ಗುದ್ದಲಿ ಇರುತ್ತದೆ. ಎಡಗೈ ಒಂದೇ ಬೆಳಕಿಗೆ. ಒತ್ತುವ ಟಾರ್ಚ್ ಆ ಒಂದು ಕೈಯಲ್ಲಿ ನೆಟ್ಟಗೆ ಕಾಲ ಮುಂದೆಯೇ ಬೆಳಕು ಬಿಡುತ್ತದೆ. ಎಲ್ಲ ಸೇರಿ 340 ರೂಪಾಯಿ ಆಯಿತು. ಬೆರಳಿನ ಗಂಟು ನೋವಿರುವ ವಯಸ್ಸಾದವರಿಗೆ ಇದು ಕಷ್ಟ. ನಮ್ಮ ಅಪ್ಪನ ಕೈಯಲ್ಲಿ ಹತ್ತು ಸಲಕ್ಕಿಂತ ಜಾಸ್ತಿ ಅಮುಕಲು ಆಗಲಿಲ್ಲ. ಅಂಥವರಿಗೆ ನಿಜವಾದ ಮ್ಯಾಗ್ನೆಟ್ ಇರುವ ಅಲ್ಲಾಡಿಸುವ ಟಾರ್ಚ್ ಸಿಕ್ಕರೆ ಕೊಡಿಸಿ, ಮನೆ ಹಿತ್ತಲಿಗೆ ಸಾಕು. ನೀರಿನಲ್ಲಿ ಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲ, ಕೊಳವೆ ಪೂರ್ತಿ ಮುಚ್ಚಿದ್ದರೆ.

ನಾನು ಪೈಪಿನಲ್ಲಿ ಮಾಡಿದ ಟಾರ್ಚನ್ನು ಮಗಳು ಶಾಲೆಗೆ ತೆಗೆದುಕೊಂಡು ಹೋದಳು. ಒತ್ತುವುದು ಪಂಪ್‌ಸೆಟ್ ಮನೆಯಲ್ಲಿ ಸ್ಟಾರ್ಟರ್ ಪಕ್ಕದ ಮೊಳೆಗೆ ನೇತಾಡುತ್ತಿದೆ. ಅದರ ಕೆಳಗೆ ಹೊಲಿಗೆ ಮೆಷಿನ್ ಎಣ್ಣೆಯ ಡಬ್ಬಿ ಇಟ್ಟಿದ್ದೇನೆ.